ಪುಸ್ತಕ ಮುಚ್ಚಿದ ಮೇಲೆ

ನನ್ನ ಅಣ್ಣನ ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮೊದಲ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಾಳೆ. ಮಾರನೆಯ ದಿನ ಜೀವಶಾಸ್ತ್ರದ ಕಿರುಪರೀಕ್ಷೆ ಇತ್ತು. ರಾತ್ರಿ ಕೂತು ರಕ್ತ ಪರಿಚಲನೆಯ ಪಾಠವನ್ನು ಮೂರು ಸಲ ಓದಿದಳು. ಮೊದಲ ಸಲ ಪೆನ್ಸಿಲಿನಲ್ಲಿ ಗೆರೆ ಎಳೆದಳು, ಎರಡನೆಯ ಸಲ ಹಳದಿ ಹೈಲೈಟರ್ ಓಡಿಸಿದಳು, ಮೂರನೆಯ ಸಲ ಗಟ್ಟಿಯಾಗಿ ಓದಿಕೊಂಡಳು. "ಎಲ್ಲಾ ಬಂತು ಚಿಕ್ಕಪ್ಪ" ಎಂದು ಪುಸ್ತಕ ಮುಚ್ಚಿದಾಗ ಮುಖದಲ್ಲಿ ನಿರಾಳವಿತ್ತು.

ಒಂದು ಖಾಲಿ ಹಾಳೆ ಕೊಟ್ಟು, ಹೃದಯದ ಚಿತ್ರ ಬರೆದು ರಕ್ತ ಹೋಗುವ ದಾರಿಯನ್ನು ಬಾಣ ಹಾಕಿ ತೋರಿಸು ಎಂದೆ. ನಾಲ್ಕು ಕೋಣೆ ಬರೆದಳು. ದೇಹದಿಂದ ಬಂದ ರಕ್ತವನ್ನು ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಕಳಿಸಿದಳು. ಅಲ್ಲಿಗೆ ಪೆನ್ಸಿಲು ನಿಂತಿತು. ಶ್ವಾಸಕೋಶದಿಂದ ಹಿಂದಿರುಗುವ ರಕ್ತ ಯಾವ ಕೋಣೆಗೆ ಬರಬೇಕೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. "ಓದುವಾಗ ಎಲ್ಲಾ ಗೊತ್ತಿತ್ತು" ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಅವಳ ಮಾತು ನಿಜ. ಓದುವಾಗ ಗೊತ್ತೇ ಇತ್ತು. ಗೊತ್ತಿದೆ ಎಂದು ಅನ್ನಿಸುವುದು ಒಂದು, ಬೇಕೆಂದಾಗ ಒದಗಿ ಬರುವುದು ಇನ್ನೊಂದು. ಇವೆರಡರ ನಡುವಿನ ಕಂದಕವನ್ನು ಮನೋವಿಜ್ಞಾನಿಗಳು ಹೆಚ್ಚುಕಡಿಮೆ 140 ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. ಅವರ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಗಟ್ಟಿಯಾಗಿ ನಿಲ್ಲುತ್ತದೆ: ಪಾಠ ಕಣ್ಣ ಮುಂದೆ ಇದ್ದಾಗ ಕಲಿಯುವುದಕ್ಕಿಂತ, ಅದು ಕಣ್ಣ ಮುಂದೆ ಇಲ್ಲದಾಗ ಕಷ್ಟಪಟ್ಟು ನೆನಪಿಗೆ ತಂದುಕೊಳ್ಳುವಾಗ ನಾವು ಹೆಚ್ಚು ಕಲಿಯುತ್ತೇವೆ. ನಮ್ಮ ಮನೆ, ಶಾಲೆ, ಟ್ಯೂಷನ್ನುಗಳ ಓದಿನ ರೂಢಿಯಾದರೋ ಈ ಮಾತಿಗೆ ಬೆನ್ನು ಹಾಕಿ ನಿಂತಿದೆ. ಅದು ಹೇಗೆಂದು ನೋಡಲು ಮೊದಲು ಮರೆವಿನಿಂದಲೇ ಹೊರಡಬೇಕು.

ಮರೆವನ್ನು ಅಳೆದವರು

ನೆನಪನ್ನು ತಕ್ಕಡಿಗೆ ಹಾಕಿ ತೂಗಿದ ಮೊದಲಿಗರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಪ್ರಯೋಗ ಮಾಡಿದವರೂ ಅವರೇ, ಪ್ರಯೋಗಕ್ಕೆ ಒಳಗಾದವರೂ ಅವರೇ. ಅರ್ಥವಿರುವ ಪದಗಳಿಗೆ ಹಳೆಯ ನೆನಪುಗಳ ನಂಟು ಅಂಟಿಕೊಂಡಿರುತ್ತದೆ. ಆ ನಂಟನ್ನು ದೂರವಿಡಲು ಅವರು ಅರ್ಥವೇ ಇಲ್ಲದ ಸುಮಾರು 2,300 ಉಚ್ಚಾರಗಳನ್ನು ಕಟ್ಟಿಕೊಂಡರು. ಅವುಗಳ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಉರು ಹೊಡೆಯುವುದು, ಸ್ವಲ್ಪ ಕಾಲ ಬಿಡುವುದು, ಮತ್ತೆ ಅದನ್ನೇ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕುವುದು. ವರ್ಷಗಟ್ಟಲೆ ಇದನ್ನು ನಡೆಸಿ, 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

20 ನಿಮಿಷ ಬಿಟ್ಟು ಮತ್ತೆ ಕಲಿತಾಗ ಉಳಿತಾಯ ಶೇ 58ರಷ್ಟಿತ್ತು. ಒಂದು ಗಂಟೆಗೆ ಅದು ಶೇ 44ಕ್ಕೆ, ಒಂದು ದಿನಕ್ಕೆ ಶೇ 34ಕ್ಕೆ ಇಳಿಯಿತು. ತಿಂಗಳ ಮೇಲೂ ಶೇ 21 ಉಳಿದಿತ್ತು. ಮರೆವಿನ ಗೆರೆ ಮೊದಲು ಕಡಿದಾದ ಘಟ್ಟದ ಹಾಗೆ ಇಳಿದು, ಆಮೇಲೆ ಬಯಲಿನಲ್ಲಿ ಹರಿಯುವ ಹೊಳೆಯ ಹಾಗೆ ಸಮತಟ್ಟಾಗುತ್ತದೆ. ಹೆಚ್ಚಿನ ನಷ್ಟವೆಲ್ಲ ಮೊದಲ ದಿನದಲ್ಲೇ ಆಗಿಹೋಗುತ್ತದೆ. ಹಾಗೆಂದು ಮರೆತದ್ದು ಪೂರ್ತಿ ಅಳಿಸಿಹೋಗುವುದೂ ಇಲ್ಲ. ತಿಂಗಳ ಬಳಿಕವೂ ಶ್ರಮದಲ್ಲಿ ಐದನೆಯ ಒಂದು ಭಾಗ ಉಳಿಯುತ್ತದೆಂದರೆ, ಬಾಯಿಗೆ ಬಾರದ ನೆನಪೂ ಒಳಗೆಲ್ಲೋ ಬೇರು ಬಿಟ್ಟುಕೊಂಡೇ ಇರುತ್ತದೆ ಎಂದಾಯಿತು.

ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. 12 ಉಚ್ಚಾರಗಳ ಪಟ್ಟಿಗಳನ್ನು ಒಂದೇ ದಿನ 68 ಸಲ ಓದಿ ಗಳಿಸಿದ ಫಲವನ್ನು, ಮೂರು ದಿನಕ್ಕೆ ಹಂಚಿಕೊಂಡು 38 ಸಲ ಓದಿಯೇ ಗಳಿಸಬಹುದಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಪ್ರತಿ ಮನೆಯ ಗೋಡೆಯ ಮೇಲೂ ಈ ಎರಡು ಅಂಕಿಗಳನ್ನು ಬರೆದಿಡಬೇಕು ಅನ್ನಿಸುತ್ತದೆ.

ಜಗಲಿ ಚಿಕ್ಕದು

1968ರಲ್ಲಿ ಅಮೆರಿಕದ ರಿಚರ್ಡ್ ಅಟ್ಕಿನ್‌ಸನ್ ಮತ್ತು ರಿಚರ್ಡ್ ಶಿಫ್ರಿನ್ ನೆನಪಿಗೊಂದು ನಕ್ಷೆ ಕೊಟ್ಟರು. ಕಣ್ಣು ಕಿವಿಗೆ ಬಿದ್ದದ್ದು ಕ್ಷಣಕಾಲ ಇಂದ್ರಿಯಗಳಲ್ಲೇ ನಿಲ್ಲುತ್ತದೆ. ಗಮನ ಕೊಟ್ಟದ್ದು ಅಲ್ಪಾವಧಿ ನೆನಪಿಗೆ ಬರುತ್ತದೆ. ಅದರಲ್ಲಿ ಕೆಲಭಾಗ ದೀರ್ಘಾವಧಿ ನೆನಪಿಗೆ ಸೇರುತ್ತದೆ. ನಮ್ಮ ಹಳೆಯ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ಬೀದಿ, ಜಗಲಿ, ಒಳಮನೆ. ಒಳಮನೆಗೆ ಮಿತಿ ಇದ್ದಂತಿಲ್ಲ. ಇಕ್ಕಟ್ಟೆಲ್ಲ ಜಗಲಿಯಲ್ಲೇ.

ಆ ಜಗಲಿಯಲ್ಲಿ ಒಮ್ಮೆಗೆ ಏಳರ ಆಸುಪಾಸಿನಷ್ಟು ಸಂಗತಿಗಳು ಹಿಡಿಯುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ನೆಲ್ಸನ್ ಕೋವನ್ 2001ರಲ್ಲಿ ಆ ಲೆಕ್ಕವನ್ನು ಸುಮಾರು ನಾಲ್ಕಕ್ಕೆ ಇಳಿಸಿದರು. ಬಂದವರು ಅಲ್ಲಿ ಬಹಳ ಹೊತ್ತು ಕೂರುವುದೂ ಇಲ್ಲ. 1959ರಲ್ಲಿ ಪೀಟರ್‌ಸನ್ ದಂಪತಿ ಮೂರು ವ್ಯಂಜನಗಳನ್ನು ಹೇಳಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳಲು ಬಿಡುವಿಲ್ಲದೆ, 18 ಸೆಕೆಂಡಿನೊಳಗೆ ಆ ಮೂರು ಅಕ್ಷರಗಳು ಬಹುಪಾಲು ಮಾಯವಾಗಿದ್ದವು.

ಹಾಗಾದರೆ ಇಷ್ಟು ಚಿಕ್ಕ ಜಗಲಿಯಿಂದ ಇಷ್ಟು ದೊಡ್ಡ ಸಂಸಾರ ನಡೆಯುವುದು ಹೇಗೆ? 194719561973 ಎಂಬ ಸಂಖ್ಯೆಯನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿ ಹೇಳಿ. ಬಿಡಿ ಅಂಕಿಗಳೆಂದುಕೊಂಡರೆ ಹನ್ನೆರಡು. ಯಾರ ಜಗಲಿಗೂ ಹೆಚ್ಚೇ. ಸ್ವಾತಂತ್ರ್ಯ, ಏಕೀಕರಣ, ಕರ್ನಾಟಕವೆಂಬ ಹೆಸರು ಎಂದು ಕಂಡವರಿಗೆ ಅವು ಮೂರೇ ಮೂರು. ಅಂಕಿಗಳು ಬದಲಾಗಿಲ್ಲ. ಒಳಮನೆಯಲ್ಲಿ ಮೊದಲೇ ಇದ್ದ ತಿಳಿವಳಿಕೆ ಹೊರಬಂದು ಅವನ್ನು ಗಂಟು ಕಟ್ಟಿ ಕೊಟ್ಟಿತು. ಬಲ್ಲವರು ಬೇಗ ಕಲಿಯುವುದರ ಗುಟ್ಟು ಇಲ್ಲಿದೆ.

1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಈ ನಕ್ಷೆಯನ್ನು ತಿದ್ದಿದರು. ಜಗಲಿಯಲ್ಲಿ ಸಂಗತಿಗಳು ಸುಮ್ಮನೆ ಕೂತಿರುವುದಿಲ್ಲ, ಕೆಲಸವೂ ಅಲ್ಲೇ ನಡೆಯುತ್ತದೆ. ಮನಸ್ಸಿನಲ್ಲೇ ಲೆಕ್ಕ ಮಾಡುವುದು, ಉದ್ದ ವಾಕ್ಯದ ತಲೆ ಬಾಲ ಕೂಡಿಸಿ ಅರ್ಥ ಮಾಡಿಕೊಳ್ಳುವುದು ಎಲ್ಲವೂ ಅಲ್ಲಿಯೇ. ಇದನ್ನು ಅವರು ವರ್ಕಿಂಗ್ ಮೆಮರಿ, ಅಂದರೆ ಕೆಲಸ ಮಾಡುವ ನೆನಪು ಎಂದರು.

ಈ ಮಾತನ್ನು ಓದಿದಾಗಲೆಲ್ಲ ನನಗೆ ಕಣ್ಣಿಗೆ ಕಟ್ಟುವುದು ಅಣ್ಣನ ಮಗಳ ತರಗತಿ. ಹತ್ತು ವರ್ಷ ಹೃತ್ಕರ್ಣ, ಹೃತ್ಕುಕ್ಷಿ ಎಂದು ಕಲಿತ ಮಕ್ಕಳು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಏಟ್ರಿಯಂ, ವೆಂಟ್ರಿಕಲ್ ಎಂಬ ಪದಗಳ ಮುಂದೆ ಕೂರುತ್ತಾರೆ. ಇಂಗ್ಲಿಷ್ ವಾಕ್ಯವನ್ನು ಬಿಡಿಸಿಕೊಳ್ಳುವುದರಲ್ಲೇ ಜಗಲಿ ತುಂಬಿಹೋದರೆ, ವಿಜ್ಞಾನಕ್ಕೆ ಕಾಲಿಡಲೂ ಜಾಗ ಉಳಿಯುವುದಿಲ್ಲ. ಮಗುವಿಗೆ ಬುದ್ಧಿ ಕಡಿಮೆಯಲ್ಲ, ಹೊರೆ ಹೆಚ್ಚು. ಮೊದಲ ಕೆಲವು ತಿಂಗಳು ಎರಡೂ ಭಾಷೆಯ ಪದಗಳನ್ನು ಜೊತೆಗಿಟ್ಟು ಹೇಳಿಕೊಡುವ ಉಪನ್ಯಾಸಕರು ಈ ಹೊರೆಯನ್ನೇ ಇಳಿಸುತ್ತಾರೆ. ಅದನ್ನು ರಿಯಾಯಿತಿ ಎಂದು ನೋಡುವುದು ತಪ್ಪು.

ಒಳಮನೆಯ ಕೋಣೆಗಳು

ಒಳಮನೆಯೂ ಒಂದೇ ಕೋಣೆಯದಲ್ಲ. ಇದು ತಿಳಿದದ್ದು ಒಬ್ಬ ಮನುಷ್ಯನ ದೊಡ್ಡ ನಷ್ಟದಿಂದ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಮೊಲೈಸನ್ ಎಂಬ 27ರ ಯುವಕನಿಗೆ ಅಪಸ್ಮಾರ ತಡೆಯಲೆಂದು ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಮಿದುಳಿನ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಅಂಗದ ಹೆಚ್ಚಿನ ಭಾಗವನ್ನು ತೆಗೆದರು. ಸೆಳವು ಕಡಿಮೆಯಾಯಿತು, ಆದರೆ ಹೊಸ ಸಂಗತಿ ಒಂದೂ ನಿಲ್ಲದಾಯಿತು. ಬುದ್ಧಿ ಚುರುಕಾಗಿತ್ತು, ಮಾತು ಸರಿಯಾಗಿತ್ತು, ಬಾಲ್ಯದ ನೆನಪುಗಳಿದ್ದವು. ಎದುರಿಗಿದ್ದವರು ಕೋಣೆಯಿಂದ ಹೊರಹೋಗಿ ತುಸು ಹೊತ್ತಿಗೆ ಮರಳಿ ಬಂದರೆ ಅವರು ಆತನಿಗೆ ಹೊಸಬರು.

ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಒಂದು ನಕ್ಷತ್ರದ ಚಿತ್ರ ಕೊಟ್ಟು, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಅದರ ಅಂಚನ್ನು ತಿದ್ದಲು ಹೇಳಿದರು. ದಿನದಿಂದ ದಿನಕ್ಕೆ ಕೈ ಪಳಗಿತು, ತಪ್ಪು ಇಳಿಯಿತು. ಆದರೆ ಪ್ರತಿ ದಿನವೂ ಆತನ ಪಾಲಿಗೆ ಇದು ಮೊದಲ ಸಲವೇ. ಮಾಡಿದ್ದು ಮನಸ್ಸಿಗೆ ನೆನಪಿಲ್ಲ, ಕೈಗೆ ನೆನಪಿದೆ! ಕೌಶಲದ ನೆನಪು ಬೇರೆ ದಾರಿಯಲ್ಲಿ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2008ರಲ್ಲಿ ತೀರಿಕೊಳ್ಳುವವರೆಗೂ ಮೊಲೈಸನ್ ಅಧ್ಯಯನಗಳಿಗೆ ತಾಳ್ಮೆಯಿಂದ ಒದಗಿದರು. ನಮ್ಮ ಇಂದಿನ ತಿಳಿವಳಿಕೆ ಅವರಿಗೆ ಸಲ್ಲಿಸಬೇಕಾದ ಋಣ ದೊಡ್ಡದು.

1972ರಲ್ಲಿ ಎಂಡೆಲ್ ಟಲ್ವಿಂಗ್ ಮತ್ತೊಂದು ಗೆರೆ ಎಳೆದರು. ಹಂಪಿಗೆ ಶಾಲಾ ಪ್ರವಾಸ ಹೋದಾಗ ಬಿಸಿಲಿಗೆ ಕಾಲು ಸುಟ್ಟದ್ದು ಘಟನೆಯ ನೆನಪು. ಹಂಪಿ ವಿಜಯನಗರದ ರಾಜಧಾನಿ ಎಂಬುದು ತಿಳಿವಳಿಕೆಯ ನೆನಪು. ಎಂದು ಕಲಿತೆವು, ಯಾರು ಕಲಿಸಿದರು ಎಂಬುದು ಮರೆತರೂ ತಿಳಿವಳಿಕೆ ಉಳಿಯುತ್ತದೆ. ಶಾಲೆ ಬಯಸುವುದು ಅದನ್ನೇ.

ನೆನಪು ಕಟ್ಟಿಕೊಳ್ಳುವ ಕೆಲಸ

50 ರೂಪಾಯಿಯ ಹೊಸ ನೋಟು ದಿನವೂ ಕೈದಾಟುತ್ತದೆ. ಅದರ ಹಿಂಬದಿಯಲ್ಲಿ ಏನಿದೆ? ಹಂಪಿಯ ಕಲ್ಲಿನ ರಥ. ನಮ್ಮದೇ ನಾಡಿನ ಗುರುತಾದರೂ ಥಟ್ಟನೆ ಹೇಳಲು ತಡವರಿಸುತ್ತೇವೆ. 1979ರಲ್ಲಿ ನಿಕರ್‌ಸನ್ ಮತ್ತು ಆಡಮ್ಸ್ ಅಮೆರಿಕನ್ನರಿಗೆ ಅವರ ಒಂದು ಸೆಂಟಿನ ನಾಣ್ಯವನ್ನು ನೆನಪಿನಿಂದ ಬರೆಯಲು ಹೇಳಿದಾಗಲೂ ಹೀಗೆಯೇ ಆಯಿತು. ಎಂಟು ಮುಖ್ಯ ಗುರುತುಗಳಲ್ಲಿ ಸರಿಯಾದ ಜಾಗಕ್ಕೆ ಬಂದದ್ದು ಸಾಮಾನ್ಯವಾಗಿ ಮೂರೇ. ಎಷ್ಟು ಸಲ ಕಣ್ಣಿಗೆ ಬಿತ್ತು ಎಂಬುದರಿಂದ ನೆನಪು ಬೆಳೆಯುವುದಿಲ್ಲ. ಹಳದಿ ಗೆರೆಯ ಪುಟವನ್ನು ಮೂರನೆಯ ಸಲ ಓದುವುದೂ ಈ ನೋಟನ್ನು ಮೂರನೆಯ ಸಲ ಕೈದಾಟಿಸಿದ ಹಾಗೆಯೇ.

ಬೆಳೆಯುವುದು ಅರ್ಥದಿಂದ. ಪದದ ಅಕ್ಷರ ದೊಡ್ಡದೋ ಚಿಕ್ಕದೋ ಎಂದು ಗಮನಿಸಿದವರಿಗಿಂತ, ಆ ಪದ ಒಂದು ವಾಕ್ಯಕ್ಕೆ ಹೊಂದುತ್ತದೆಯೇ ಎಂದು ಯೋಚಿಸಿದವರಿಗೆ ಅದು ಬಹಳ ಚೆನ್ನಾಗಿ ನೆನಪಿರುತ್ತದೆ ಎಂದು ಕ್ರೇಕ್ ಮತ್ತು ಟಲ್ವಿಂಗ್ 1975ರಲ್ಲಿ ತೋರಿಸಿದರು.

ಅರ್ಥ ಮಾಡಿಕೊಳ್ಳುವ ಈ ಹಂಬಲಕ್ಕೆ ಇನ್ನೊಂದು ಮುಖವೂ ಇದೆ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷರಿಗೆ ಓದಿಸಿ, ದಿನ, ತಿಂಗಳು ಬಿಟ್ಟು ಮತ್ತೆ ಹೇಳಿಸಿದರು. 1932ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಕಥೆ ಕುಗ್ಗಿತ್ತು, ವಿಚಿತ್ರವಾದುದು ಬಿಟ್ಟುಹೋಗಿತ್ತು. ಅಲ್ಲಿನವರ ತೊಗಟೆದೋಣಿ ಇಂಗ್ಲಿಷರ ದೋಣಿಯಾಗಿತ್ತು, ಸೀಲ್ ಬೇಟೆ ಮೀನು ಹಿಡಿಯುವುದಾಗಿತ್ತು. ಕೇಳಿದವರು ಕಥೆಯನ್ನು ತಮ್ಮ ಊರಿಗೆ ಕರೆತಂದಿದ್ದರು. ನೆನಪಿಸಿಕೊಳ್ಳುವಾಗಲೆಲ್ಲ ನಾವು ಉಳಿದ ಚೂರುಗಳಿಂದ ಇಡಿಯನ್ನು ಮತ್ತೆ ಕಟ್ಟುತ್ತೇವೆ, ಬಿಟ್ಟ ಜಾಗಕ್ಕೆ ನಮಗೆ ಒಗ್ಗಿದ್ದನ್ನು ತುಂಬುತ್ತೇವೆ.

ಕೇಳುವವರ ಮಾತು ಕೂಡ ಆ ಗೋಡೆಯಲ್ಲಿ ಇಟ್ಟಿಗೆಯಾಗಿ ಸೇರಿಕೊಳ್ಳಬಹುದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ರಸ್ತೆ ಅಪಘಾತಗಳ ಚಿತ್ರ ತೋರಿಸಿ, ಕಾರುಗಳ ವೇಗ ಎಷ್ಟಿತ್ತೆಂದು ಕೇಳಿದರು. ಒಂದಕ್ಕೊಂದು "ಅಪ್ಪಳಿಸಿದಾಗ" ಎಂದು ಕೇಳಿದರೆ ಸರಾಸರಿ ಉತ್ತರ ಗಂಟೆಗೆ 40.8 ಮೈಲಿ, "ತಗುಲಿದಾಗ" ಎಂದು ಕೇಳಿದರೆ 31.8. ಮುಂದಿನ ಪ್ರಯೋಗದಲ್ಲಿ ವಾರದ ಬಳಿಕ ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ. ಆದರೂ "ಅಪ್ಪಳಿಸಿದ" ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 16 ಜನ ಹೌದು ಎಂದರು. ಅವರಾರೂ ಸುಳ್ಳುಗಾರರಲ್ಲ. ಪ್ರತ್ಯಕ್ಷ ಸಾಕ್ಷಿಯೊಂದನ್ನೇ ನೆಚ್ಚಿ ಒಬ್ಬರನ್ನು ಜೈಲಿಗೆ ಕಳಿಸುವ ಮೊದಲು ಪೊಲೀಸರೂ ವಕೀಲರೂ ನೂರು ಸಲ ಯೋಚಿಸಬೇಕಾದ ಮಾತಿದು.

ಎತ್ತಿ ತಂದಷ್ಟೂ ಗಟ್ಟಿ

ನೆನಪಿಸಿಕೊಳ್ಳುವುದು ನೆನಪನ್ನು ಬದಲಿಸುತ್ತದೆ ಎಂಬ ಈ ಗುಣವೇ ಕಲಿಕೆಗೆ ವರವಾಗಿ ಒದಗುತ್ತದೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯೂ ಅದನ್ನೇ ಓದಿತು. ಸರಾಸರಿ 14 ಸಲ ಓದಿದ ಹಾಗಾಯಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆ ಮುಚ್ಚಿಟ್ಟು ನೆನಪಾದದ್ದನ್ನೆಲ್ಲ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದು: ಶೇ 83ಕ್ಕೆ ಎದುರಾಗಿ ಶೇ 71. ವಾರ ಕಳೆಯಿತು. ಓದಿದವರಲ್ಲಿ ಉಳಿದದ್ದು ಶೇ 40, ನೆನಪಿಸಿಕೊಂಡು ಬರೆದವರಲ್ಲಿ ಶೇ 61.

ಎರಡು ವರ್ಷದ ಬಳಿಕ ಅವರೇ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನೂ ಮತ್ತೆ ಮತ್ತೆ ಕೇಳುತ್ತಲೇ ಹೋದವರು ವಾರದ ಬಳಿಕ ಸುಮಾರು ಶೇ 80ರಷ್ಟು ಹೇಳಿದರು. ಬಂತಲ್ಲ, ಇನ್ನು ಕೇಳುವುದು ಬೇಡ ಎಂದು ಬಿಟ್ಟವರಲ್ಲಿ ಉಳಿದದ್ದು ಶೇ 35ರ ಆಸುಪಾಸು. ಎಷ್ಟು ನೆನಪಿರಬಹುದೆಂದು ಮೊದಲೇ ಊಹಿಸಲು ಹೇಳಿದಾಗ ಎಲ್ಲ ಗುಂಪಿನವರೂ ಅರ್ಧದಷ್ಟು ಎಂದಿದ್ದರು. ಯಾವ ಓದು ಉಳಿಯುತ್ತದೆ ಎಂಬುದು ಕಲಿಯುವವರಿಗೇ ಗೊತ್ತಾಗುವುದಿಲ್ಲ. ಸಲೀಸಾಗಿ ಸಾಗಿದ ಓದು ಬಂದ ಹಾಗೆ ಅನ್ನಿಸುತ್ತದೆ, ತಡವರಿಸಿದ ಓದು ಬಾರದ ಹಾಗೆ ಅನ್ನಿಸುತ್ತದೆ. ಅನ್ನಿಸಿಕೆ ನಮ್ಮನ್ನು ತಪ್ಪು ದಾರಿಗೆ ಎಳೆಯುವುದು ಇಲ್ಲಿಯೇ.

ಗಣಿತದಲ್ಲೂ ಇದನ್ನು ಕಂಡಿದ್ದಾರೆ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಒಂದೊಂದು ಬಗೆಯಾಗಿ, ಇನ್ನೊಂದಕ್ಕೆ ಎಲ್ಲ ಬಗೆಯನ್ನೂ ಬೆರೆಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ 89, ಎರಡನೆಯದು ಶೇ 60. ವಾರದ ಬಳಿಕ ಮೊದಲ ಗುಂಪು ಶೇ 20ಕ್ಕೆ ಕುಸಿಯಿತು, ಬೆರಕೆ ಅಭ್ಯಾಸದ ಗುಂಪು ಶೇ 63ರಲ್ಲಿ ನಿಂತಿತು. ಒಂದೇ ಬಗೆಯ ಹತ್ತು ಲೆಕ್ಕ ಮಾಡುವಾಗ ಯಾವ ಸೂತ್ರ ಹಾಕಬೇಕೆಂದು ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆ ಕೇಳುವುದು ಆ ಕೆಲಸವನ್ನೇ. ಕಲಿಕೆಗೆ ಒಳ್ಳೆಯದು ಮಾಡುವ ಇಂಥ ಅಡಚಣೆಗಳಿಗೆ ರಾಬರ್ಟ್ ಬ್ಯೋರ್ಕ್ ಬೇಕಾದ ಕಷ್ಟಗಳು ಎಂಬ ಅರ್ಥದ ಹೆಸರಿಟ್ಟರು. 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಒರೆಗೆ ಹಚ್ಚಿದಾಗ ಮೇಲ್ದರ್ಜೆ ಪಡೆದದ್ದು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು, ಬಿಡುವು ಕೊಟ್ಟು ಹಂಚಿ ಓದುವುದು. ಗೆರೆ ಎಳೆಯುವುದೂ ಮತ್ತೆ ಮತ್ತೆ ಓದುವುದೂ ಕೆಳದರ್ಜೆಗೆ ಇಳಿದವು.

ಬಾಯಿಪಾಠದ ವಾದ

ಇಲ್ಲಿ ನಮ್ಮಲ್ಲಿ ಎರಡು ಪಂಗಡಗಳು ಎದ್ದು ನಿಲ್ಲುತ್ತವೆ. ಉರು ಹೊಡೆಸದೆ ವಿದ್ಯೆ ಬಾರದು ಎನ್ನುವವರು ಒಂದು ಕಡೆ, ಉರು ಹೊಡೆಸಿದರೆ ಬುದ್ಧಿ ಸಾಯುತ್ತದೆ ಎನ್ನುವವರು ಇನ್ನೊಂದು ಕಡೆ. ಮಗ್ಗಿಯನ್ನೇ ನೋಡೋಣ. ಭಾಗಾಕಾರ ಮಾಡುವ ಮಗುವಿಗೆ ಎಂಟೇಳ್ಲ ಐವತ್ತಾರು ಎಂಬುದು ಥಟ್ಟನೆ ಬಂದರೆ, ಜಗಲಿ ಖಾಲಿ ಉಳಿದು ಲೆಕ್ಕದ ಕಡೆ ಗಮನ ಹೋಗುತ್ತದೆ. ಆದರೆ ಎಂಟೇಳು ಎಷ್ಟು ಎಂದು ಕೇಳಿದಾಗ ಎಂಟೊಂದ್ಲದಿಂದ ಶುರುಮಾಡಿ ರಾಗವಾಗಿ ಏಳಕ್ಕೆ ಬರುವ ಮಕ್ಕಳೂ ಇದ್ದಾರೆ. ಅವರಿಗೆ ಬಂದಿರುವುದು ಮಗ್ಗಿಯ ಹಾಡು. ಬಿಡಿಬಿಡಿಯಾಗಿ, ಅಡ್ಡಾದಿಡ್ಡಿಯಾಗಿ, ದಿನ ಬಿಟ್ಟು ಕೇಳಿದಾಗಲೇ ಹಾಡು ಜ್ಞಾನವಾಗುತ್ತದೆ.

ಕಲಿತದ್ದಕ್ಕೆ ಕಟ್ಟಡವೊಂದು ಇರಬೇಕು. ಚೇಸ್ ಮತ್ತು ಸೈಮನ್ 1973ರಲ್ಲಿ ಚೆಸ್ ನಿಪುಣರಿಗೆ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡ್ ತೋರಿಸಿದರು. ಅವರು ಹೊಸಬರಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಟ್ಟರು. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಹೋಯಿತು. ಅವರ ನೆನಪು ಆಟದ ತಿಳಿವಳಿಕೆಯಲ್ಲಿ ಬೇರೂರಿತ್ತು.

ಅಷ್ಟಾವಧಾನದ ಸಭೆಯಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟವರು ಶತಾವಧಾನಿ ಆರ್. ಗಣೇಶ್. ಪ್ರಶ್ನೆ ಕೇಳುವ ಎಂಟು ಮಂದಿ ಪೃಚ್ಛಕರು ಸುತ್ತ ಕೂತಿರುತ್ತಾರೆ. ನಿಷೇಧಾಕ್ಷರಿಯವರು ಹೆಜ್ಜೆಹೆಜ್ಜೆಗೆ ಒಂದೊಂದು ಅಕ್ಷರವನ್ನು ಬೇಡವೆನ್ನುತ್ತಾರೆ, ದತ್ತಪದಿಯವರು ಕೊಟ್ಟ ಪದಗಳು ಪದ್ಯದಲ್ಲಿ ಬರಲೇಬೇಕು, ನಡುನಡುವೆ ಅಪ್ರಸ್ತುತ ಪ್ರಸಂಗದವರು ಏನೇನೋ ಕೇಳಿ ಗಮನ ಕೆಡಿಸುತ್ತಾರೆ. ಅವಧಾನಿ ಒಂದು ಸುತ್ತಿಗೆ ಒಂದೊಂದೇ ಪಾದ ಕಟ್ಟುತ್ತಾ ಹೋಗಿ, ಕೊನೆಯ ಧಾರಣೆಯಲ್ಲಿ ಪದ್ಯಗಳನ್ನು ಇಡಿಯಾಗಿ ಒಪ್ಪಿಸುತ್ತಾರೆ. ನನಗೆ ಕಾಣುವಂತೆ ಇದರಲ್ಲಿ ಮನೋವಿಜ್ಞಾನ ಹೇಳುವ ಮೂರು ಸಂಗತಿಗಳು ಸೇರಿವೆ. ಛಂದಸ್ಸು ಅಕ್ಷರಗಳನ್ನು ಗಂಟು ಕಟ್ಟುತ್ತದೆ, ಅರ್ಥ ಪಾದಗಳನ್ನು ಹೆಣೆಯುತ್ತದೆ, ಪ್ರತಿ ಸುತ್ತೂ ಬಿಟ್ಟುಹೋದ ಪದ್ಯವನ್ನು ಅಡಚಣೆಗಳ ನಡುವೆ ಮತ್ತೆ ಎತ್ತಿ ತರಲು ಒತ್ತಾಯಿಸುತ್ತದೆ.

ಎಚ್ಚರದ ಮಾತುಗಳು

ಕೆಲವು ನಂಬಿಕೆಗಳನ್ನು ಬಿಡಬೇಕಾಗಿದೆ. ಮಕ್ಕಳಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂಬ ಪಂಗಡಗಳಿವೆ, ಅದಕ್ಕೆ ತಕ್ಕಂತೆ ಕಲಿಸಬೇಕು ಎಂಬ ಮಾತು ಶಿಕ್ಷಕರ ತರಬೇತಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಪರಿಶೀಲಿಸಿದಾಗ ಅದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ನಿದ್ದೆಗೆಟ್ಟು ಓದುವುದೂ ಹಾಗೆಯೇ. ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆ ಎಂದು ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್ 1924ರಷ್ಟು ಹಿಂದೆಯೇ ತೋರಿಸಿದ್ದರು.

ಪರೀಕ್ಷೆಯಿಂದ ಕಲಿಕೆ ಎಂಬುದನ್ನು ಕಿರುಪರೀಕ್ಷೆಗಳ ಸುರಿಮಳೆ ಎಂದು ತಿಳಿದರೆ ಮಾತ್ರ ಅನ್ಯಾಯವಾಗುತ್ತದೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ರ‍್ಯಾಂಕ್ ಇರಲಿಲ್ಲ, ಪೋಷಕರ ಸಹಿ ಇರಲಿಲ್ಲ, ತಪ್ಪಿದವರಿಗೆ ಬೈಗುಳ ಇರಲಿಲ್ಲ. ಹೆದರಿಕೆಯೂ ಜಗಲಿಯಲ್ಲಿ ಜಾಗ ಹಿಡಿಯುತ್ತದೆ. ಪಾಠದ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ಇವತ್ತು ಏನು ಕಲಿತಿರಿ ಬರೆಯಿರಿ ಎಂದು, ಅಂಕ ಹಾಕದೆ, ತಪ್ಪನ್ನು ಅಲ್ಲೇ ತಿದ್ದಿಕೊಳ್ಳಲು ಬಿಟ್ಟರೆ ಸಾಕು. ಹೋದ ವಾರದ್ದರಿಂದ ಎರಡು, ಹೋದ ತಿಂಗಳದ್ದರಿಂದ ಒಂದು ಪ್ರಶ್ನೆ ಸೇರಿಸಿದರೆ ಇನ್ನೂ ಒಳ್ಳೆಯದು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಖರ್ಚಿಲ್ಲ. ಏಕೋಪಾಧ್ಯಾಯ ಶಾಲೆಯಲ್ಲೂ ನಡೆಯುತ್ತದೆ.

ಅಣ್ಣನ ಮಗಳಿಗೆ ಅವತ್ತು ನಾನು ಹೇಳಿದ್ದು ಇಷ್ಟೇ: ಇನ್ನು ಆ ಪಾಠ ಓದಬೇಡ, ಎರಡು ದಿನಕ್ಕೊಮ್ಮೆ ಖಾಲಿ ಹಾಳೆಯಲ್ಲಿ ಹೃದಯ ಬರೆ, ಆಮೇಲೆ ಪುಸ್ತಕ ತೆರೆದು ತಪ್ಪು ನೋಡಿಕೋ. ಮೂರು ವಾರದ ಬಳಿಕ ಊರಿಗೆ ಹೋದಾಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದಳು. ಪ್ರತಿ ಕೋಣೆಗೂ ಎರಡು ಹೆಸರು, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಶ್ವಾಸಕೋಶದಿಂದ ಹೊರಟ ಬಾಣ ಅಳುಕಿಲ್ಲದೆ ಎಡ ಹೃತ್ಕರ್ಣಕ್ಕೆ ಬಂತು, ಅಲ್ಲಿಂದ ಎಡ ಹೃತ್ಕುಕ್ಷಿಗೆ ಇಳಿಯಿತು. ಅವೆರಡರ ನಡುವಿನ ಕವಾಟದ ಹೆಸರು ಬರೆಯುವಲ್ಲಿ ಪೆನ್ಸಿಲು ನಿಂತಿತು. ತಡೆಯಲಾರದೆ ನಾನು ಬಾಯಿ ತೆರೆದೆ. ಅವಳು ಕಣ್ಣು ಮುಚ್ಚಿಕೊಂಡೇ ಕೈ ಅಡ್ಡ ಹಿಡಿದಳು.

"ಹೇಳ್ಬೇಡಿ ಚಿಕ್ಕಪ್ಪ. ಬರತ್ತೆ."